ಬಿಸ್ಕೀಟು ಓದುವ ಕಾಶವ್ವ

ನರೇಗಲ್ಲಿನ ಗಾಣಿಗೇರ ಕುಬೇರಪ್ಪನ ಕುಸುಬೆ ಎಣ್ಣೆಗೆ ಸುತ್ತಲಿನ ಏಳು ಹಳ್ಳಿಗಳಲ್ಲಿ ಹೆಸರಿತ್ತು. ಒಂದು ಸಲ ಎಣ್ಣೆಯ ಹರವಿಯ ತಳದಲ್ಲಿ ಸತ್ತ ಹಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಅರ್ಧ ಹರವಿ ಊರಿಗೆ ಹಂಚಿಹೋಗಿತ್ತು. ಕುಬೇರಪ್ಪ ಉಳಿದದ್ದನ್ನು ತಿಪ್ಪೆಗೆ ಸುರಿದು, ಖಾಲಿ ಡಬ್ಬಿ ಹೆಗಲಿಗೇರಿಸಿ, ಒಯ್ದವರ ಮನೆಮನೆಗೆ ಹೋದ. "ನನ್ನ ಎಣ್ಣ್ಯಾಗ ಹಲ್ಲಿ ಬಿದ್ದಿತ್ತು, ಉಳಿದದ್ದು ಈ ಡಬ್ಬಿಗೆ ಸುರೀರಿ" ಎಂದ. ಕೆಲವರು ಆಗಲೇ ಒಗ್ಗರಣೆ ಹಾಕಿ ಉಂಡಿದ್ದರು. ಅವರಿಂದ ಬೈಸಿಕೊಂಡ. ಬೈಸಿಕೊಂಡು ಮುಂದಿನ ಮನೆಗೆ ನಡೆದ.

ಅವನ ಸೊಸೆ ಹುಚ್ಚಮ್ಮನ ಮೂಗು ಇನ್ನೊಂದು ಬಗೆಯದು. ಗದುಗಿನ ಒಂದು ಮದುವೆಯಲ್ಲಿ ಐನೂರು ಜನ ಎಲೆಯ ಮುಂದೆ ಕೂತಿದ್ದಾಗ, ಹೋಳಿಗೆಗೆ ಬಡಿಸುತ್ತಿದ್ದ ತುಪ್ಪದ ವಾಸನೆ ಬಡಿದದ್ದೇ ತಡ, ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು. "ಯಾರೂ ತುತ್ತು ಬಾಯಿಗೆ ಹಾಕಬ್ಯಾಡ್ರಿ, ಈ ತುಪ್ಪದಾಗ ಕೊಬ್ಬ ಐತಿ" ಎಂದು ಕೂಗಿದಳು. ಬೀಗರು ಹಲ್ಲು ಕಡಿದರು. ತುಪ್ಪದ ಡಬ್ಬಿಗಳನ್ನು ಬಿಸಿಲಿಗಿಟ್ಟು ನೋಡಿದಾಗ ತಳದಲ್ಲಿ ಕಂಡದ್ದು ದನದ ಕೊಬ್ಬೇ.

ಈ ಹುಚ್ಚಮ್ಮನ ಮೂರನೆಯ ಮಗಳು ಕಾಶವ್ವ. ಈಗ ಅರವತ್ತೈದು ದಾಟಿದೆ. ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ಹತ್ತಿರದ ಮಿಲ್ಪಿಟಾಸಿನಲ್ಲಿ, ಮಗಳು ಅಳಿಯನ ಜೊತೆ ಒಂದು ಟೌನ್‌ಹೌಸಿನಲ್ಲಿ. ಅಜ್ಜನ ಕಾಲು, ಅವ್ವನ ಮೂಗು ಎರಡೂ ತನಗೆ ಬಂದಿವೆ ಎಂಬುದು ಅವಳ ನಂಬಿಕೆ. ಮೂಗಿನ ವಿಚಾರ ಹೋದ ವರ್ಷ ಸ್ವಲ್ಪ ಏರುಪೇರಾಯಿತು. ಆ ಕಥೆಯನ್ನೇ ಹೇಳಹೊರಟಿದ್ದೇನೆ.

ಕಾಶವ್ವ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಈಗ ತೀರಿಹೋಗಿರುವ ಗಂಡ ಗುರುಶಾಂತಪ್ಪ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಯಂತ್ರ ರಿಪೇರಿ ಮಾಡುವ ಕೆಲಸ ಹಿಡಿದಿದ್ದ. ಮಗಳು ಮಾಧುರಿಯ ಕೈ ಹಿಡಿದು ಕಾಶವ್ವ ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಬಂದ ಐದನೆಯ ವರ್ಷ ಅವಳೂ ಕೆಲಸಕ್ಕೆ ಸೇರಿದಳು. ಹಸಿರು ಬೋರ್ಡುಗಳ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಬೆಸುಗೆಗಳು ಇರುತ್ತವೆ. ಭೂತಗನ್ನಡಿಯಲ್ಲಿ ನೋಡಿ, ಸರಿಯಿದ್ದದ್ದನ್ನು ಮುಂದೆ ಬಿಟ್ಟು, ಕೆಟ್ಟದ್ದನ್ನು ಪಕ್ಕಕ್ಕೆ ಎತ್ತಿಡಬೇಕು. ಹದಿನಾರು ವರ್ಷ ಇದನ್ನೇ ಮಾಡಿದಳು. ಅವಳು ಬಿಟ್ಟ ಬೋರ್ಡು ತಿರುಗಿ ಬಂದದ್ದಿಲ್ಲವೆಂದು ಮೇಸ್ತ್ರಿಗಳು ಹೇಳುತ್ತಿದ್ದರಂತೆ. ಕೆಲಸ ಬಿಡುವ ದಿನ ಕಂಪನಿಯವರು ಅವಳ ಭೂತಗನ್ನಡಿಯನ್ನೇ ಉಡುಗೊರೆ ಕೊಟ್ಟರು. ಅದು ಈಗ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇರುತ್ತದೆ.

ಲಿಂಗ ಕಟ್ಟಿಕೊಂಡ ಮೈ. ತಿನ್ನುವುದರಲ್ಲಿ ಮಾಂಸದ ಸೋಂಕೂ ಇರಬಾರದು. ನಮ್ಮ ದೇಶದ ಪಾಕೀಟಿನ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅದನ್ನು ನೋಡಿದರೆ ಮುಗಿಯಿತು. ಇಲ್ಲಿ ಚುಕ್ಕೆಯಿಲ್ಲ. ಬಿಸ್ಕೀಟು ನೋಡಲು ಬಂಗಾರದಂತಿರುತ್ತದೆ, ಒಳಗೆ ಹಂದಿಯ ಕೊಬ್ಬು ಇದ್ದರೂ ಇದ್ದೀತು. ಮೊದಲ ವರ್ಷಗಳಲ್ಲಿ ಕಾಶವ್ವ ಅಂಗಡಿಯ ಒಂದು ಬಿಸ್ಕೀಟನ್ನೂ ಮುಟ್ಟಲಿಲ್ಲ. ಶಂಕರಪೋಳಿ ಕರಿದಿಟ್ಟುಕೊಂಡು ಚಹಾದಲ್ಲಿ ಅದ್ದಿ ತಿಂದಳು.

ಅವಳಿಗೆ ದಾರಿ ತೋರಿಸಿದವಳು ಪಕ್ಕದ ಮನೆಯ ರಿವ್ಕಾ. ಯಹೂದಿ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೇಲಿಯಾಚೆ ನಿಂತು, ಕರಿ ಬಿಸ್ಕೀಟಿನ ಪಾಕೀಟನ್ನು ಮುಂದೆ ಚಾಚಿದಳು. ಇಲ್ಲಿನ ಮಕ್ಕಳೆಲ್ಲ ತಿನ್ನುವ, ಎರಡು ಕರಿ ಬಿಲ್ಲೆಗಳ ನಡುವೆ ಬಿಳಿ ಕೆನೆ ಇರುವ ಬಿಸ್ಕೀಟು. ಕಾಶವ್ವ ಎರಡು ಹೆಜ್ಜೆ ಹಿಂದೆ ಸರಿದಳು. ರಿವ್ಕಾ ನಕ್ಕು, ಪಾಕೀಟಿನ ಮೂಲೆಯಲ್ಲಿ ದುಂಡನೆಯ ಗೆರೆಯೊಳಗೆ ಕೂತಿದ್ದ ಒಂದು ಅಕ್ಷರವನ್ನು ಬೆರಳಿಟ್ಟು ತೋರಿಸಿದಳು. ಅದು ಕೋಷರ್ ಗುರುತು, ತಮ್ಮ ಧರ್ಮದ ಪಂಡಿತರು ಕಾರ್ಖಾನೆಗೆ ಹೋಗಿ ಹಿಟ್ಟಿನಿಂದ ಹಿಡಿದು ಎಣ್ಣೆಯವರೆಗೆ ನೋಡಿ ಒಪ್ಪಿದ್ದಾರೆ, ಹಂದಿಯ ಕೊಬ್ಬು ಇದರಲ್ಲಿ ಇರಲು ಸಾಧ್ಯವಿಲ್ಲ ಎಂದು ಬಿಡಿಸಿ ಹೇಳಿದಳು. ಪಕ್ಕದಲ್ಲಿ 'ಡಿ' ಎಂದಿದ್ದರೆ ಹಾಲಿನ ಅಂಶವಿದೆ. ಹಾಲಿದ್ದ ಕಡೆ ಅವರು ಮಾಂಸ ಬೆರೆಸುವುದೇ ಇಲ್ಲ. 'ಪಾರೆವ್' ಎಂದಿದ್ದರೆ ಅತ್ತ ಮಾಂಸವೂ ಇಲ್ಲ, ಇತ್ತ ಹಾಲೂ ಇಲ್ಲ.

ಕಾಶವ್ವ ಅಂದೇ ಒಂದು ಕರಿ ಬಿಸ್ಕೀಟು ತಿಂದಳು. ಬಿಲ್ಲೆಗಳನ್ನು ತಿರುವಿ ಬೇರೆ ಮಾಡಿ, ಕೆನೆಯನ್ನು ಮುಂಬಲ್ಲಿನಿಂದ ಕೆರೆದು, ಬಿಲ್ಲೆಗಳನ್ನು ಚಹಾಕ್ಕೆ ಅದ್ದಿದಳು. "ಹದಿನೈದು ವರ್ಷ ಇದರ ಮುಂದ ಹಾದು ಹೋಗೀನಲ್ಲವ್ವಾ" ಎಂದು ಹಣೆ ಚಚ್ಚಿಕೊಂಡಳು.

ಅಲ್ಲಿಂದ ಶುರುವಾಯಿತು. ಅಂಗಡಿ ಅಂಗಡಿ ಸುತ್ತಿದಳು. ಕೆಲಸ ಬಿಟ್ಟ ಮೇಲೆ ಭೂತಗನ್ನಡಿಯೂ ಕೈಚೀಲ ಸೇರಿತು. ಪುದೀನ ವಾಸನೆಯ ಚಾಕೊಲೇಟು ಬಳಿದ ಬಿಸ್ಕೀಟು ಒಂದು ಕಂಪನಿಯದಾದರೆ ಗುರುತಿಲ್ಲ, ಇನ್ನೊಂದು ಕಂಪನಿಯದಾದರೆ ಗುರುತಿದೆ. ಪೆನ್ಸಿಲಿನಂತೆ ಉದ್ದನೆಯ, ಅರ್ಧಕ್ಕೆ ಚಾಕೊಲೇಟು ಅದ್ದಿದ ಕಡ್ಡಿ ಬಿಸ್ಕೀಟು ಏಷ್ಯಾದವರ ಮಾಲ್‌ನಲ್ಲಿ ರಾಶಿ ಬಿದ್ದಿರುತ್ತದೆ, ಅದರ ಮೇಲೆ ಗುರುತಿಲ್ಲ. ಅಂಥದೇ ಕಡ್ಡಿ ಇಸ್ರೇಲಿನಿಂದ ಬಂದದ್ದು ದೊಡ್ಡ ಗ್ರೋಸರಿಯ ಮೂಲೆಯ ಕಪಾಟಿನಲ್ಲಿ ಸಿಗುತ್ತದೆ, ರುಚಿಯಲ್ಲಿ ಒಂದು ಗುಂಜಿ ಹೆಚ್ಚೇ. ಪದರ ಪದರದ ವೇಫರಿನ ಚಾಕೊಲೇಟು ಬಿಸ್ಕೀಟನ್ನು ಚಹಾಕ್ಕೆ ಅದ್ದಬಾರದು, ಚಹಾದ ಮೇಲೆ ಎಣ್ಣೆಯ ಕೆನೆ ಕಟ್ಟುತ್ತದೆ. ಅದನ್ನು ಬಿಸಿ ಹಾಲು ಕುಡಿಯುತ್ತ ಪಕ್ಕದಲ್ಲಿ ಕಚ್ಚಬೇಕು. ಇಂಥದನ್ನೆಲ್ಲ ಕಾಶವ್ವ ನಾಲಿಗೆಯಿಂದಲೇ ಕಲಿತಳು. ಇಂಗ್ಲಿಷ್ ಓದುವುದನ್ನೂ ಪಾಕೀಟುಗಳ ಬೆನ್ನಿನಿಂದಲೇ ಕಲಿತಳು. ಗುರುತು ನೋಡಿ, ಅಕ್ಷರ ನೋಡಿ, ಆಮೇಲೆ ಸಣ್ಣಕ್ಷರದಲ್ಲಿ 'ಎಗ್' ಅಂತ ಇದೆಯೋ ಎಂದು ಹುಡುಕುತ್ತಿದ್ದಳು. ಮೂರೂ ಪಾಸಾದರೆ ಬುಟ್ಟಿಗೆ.

ಸುದ್ದಿ ಹಬ್ಬಿತು. ಭಾನುವಾರದ ಕನ್ನಡ ಶಾಲೆಗೆ ಮಕ್ಕಳನ್ನು ಕರೆತರುವ ಹನ್ನೊಂದು ಮನೆಗಳವರಿಗೆ ಕಾಶವ್ವನ ನಂಬರು ಬಾಯಿಪಾಠ. ಅಂಗಡಿಯಲ್ಲಿ ನಿಂತು ಫೋನು ಮಾಡುತ್ತಿದ್ದರು.

"ಆಂಟಿ, ಕೈಯಲ್ಲಿ ಒಂದು ಬಿಸ್ಕೆಟ್ ಇದೆ, ಬ್ಲೂ ಪ್ಯಾಕೆಟ್ಟು. ತಗೊಳ್ಲಾ?"

"ಬಣ್ಣ ಕಟ್ಟಿಕೊಂಡು ನನಗೇನಾಗಬೇಕವ್ವಾ? ಮೂಲ್ಯಾಗ ಗುಂಡನ ಗುರುತ ಐತೇನ ನೋಡು."

ಇವರಲ್ಲಿ ಎಲ್ಲರಿಗಿಂತ ಕಟ್ಟಾ ಮನೆ ಸತ್ಯವತಮ್ಮನವರದು. ಮೈಸೂರಿನ ಮಾಧ್ವರು, ಎಪ್ಪತ್ತೆಂಟು ವರ್ಷ, ಮಗ ವ್ಯಾಸರಾಜ ಆಸ್ಪತ್ರೆಯಲ್ಲಿ ಡಾಕ್ಟರು. ಹಣ್ಣು ಬಿಟ್ಟರೆ ಹೊರಗಿನ ಒಂದು ಚೂರೂ ಅವರ ಬಾಯಿಗೆ ಬೀಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಕಾಶವ್ವ ಭೂತಗನ್ನಡಿ ಹಿಡಿದು, ಪಾಕೀಟಿನ ಒಂದೊಂದು ಅಕ್ಷರವನ್ನೂ ಅವರಿಗೆ ಓದಿ ಹೇಳಿದ ಮೇಲೆ, ಕರಿ ಬಿಸ್ಕೀಟು ತಿನ್ನತೊಡಗಿದರು. ಏಕಾದಶಿ ಬಿಟ್ಟು ದಿನಕ್ಕೆ ಎರಡು. "ಸರ್ಕಾರದ ಸೀಲು ನಾನು ನಂಬಲ್ಲ, ಕಾಶವ್ವನ ಮಾತು ನಂಬ್ತೀನಿ" ಎಂದು ಮಗನ ಮುಂದೆ ಹೇಳುತ್ತಿದ್ದರಂತೆ. ಆ ಮಾತು ಕಾಶವ್ವನ ಕಿವಿಗೂ ಬಿತ್ತು. ಅಂದು ಸಂಜೆಯೆಲ್ಲ ಅವಳ ನಡಿಗೆಯೇ ಬೇರೆಯಾಗಿತ್ತು.

ಹೋದ ವರ್ಷ ಫೆಬ್ರುವರಿಯಲ್ಲಿ ಮೊಮ್ಮಗಳು ತನ್ವಿ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಒಂಬತ್ತು ವರ್ಷದ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಅಂದು ತರಗತಿಯಲ್ಲಿ ಯಾರದೋ ಹುಟ್ಟುಹಬ್ಬ. ಗುಮ್ಮಟದಂಥ ಬಿಸ್ಕೀಟು ಹಂಚಿದ್ದರು. ತಳದಲ್ಲಿ ದುಂಡನೆಯ ಬಿಸ್ಕೀಟು, ಮೇಲೆ ಹತ್ತಿಯಂತೆ ಮೆತ್ತನೆಯ ಬಿಳಿ ಮಾರ್ಷ್‌ಮೆಲ್ಲೋ, ಅದರ ಮೇಲೆ ತೆಳ್ಳನೆಯ ಚಾಕೊಲೇಟಿನ ಹೊದಿಕೆ. ಆ ಬಿಳಿಯದರಲ್ಲಿ ಜೆಲಟಿನ್ ಎಂಬ ಅಂಟು ಇರುತ್ತದೆ, ಅದನ್ನು ದನ ಹಂದಿಗಳ ಚರ್ಮ ಎಲುಬು ಕುದಿಸಿ ತೆಗೆಯುತ್ತಾರೆ ಎಂದು ಅಜ್ಜಿಯೇ ಕಲಿಸಿದ್ದಳು. ತನ್ವಿ ಟೀಚರಿಗೆ ಅದನ್ನೇ ಹೇಳಿದಳು. ಟೀಚರು ಅವಳ ಕೈಗೆ ಒಂದು ಕಿತ್ತಳೆ ಹಣ್ಣು ಕೊಟ್ಟರು.

"ಎವ್ರಿಬಡಿ ಗಾಟ್ ಒನ್, ಅಜ್ಜಿ. ಐ ಗಾಟ್ ಆನ್ ಆರೆಂಜ್." ಚೀಲವನ್ನು ನೆಲಕ್ಕೆ ಒಗೆದಳು. "ಯೂ ಫೈಂಡ್ ಎವ್ರಿಥಿಂಗ್. ವೈ ಕಾಂಟ್ ಯೂ ಫೈಂಡ್ ದಟ್ ಒನ್?"

"ಹುಡುಕಿಲ್ಲ ಅಂದ್ರ ಸಿಗೂದಿಲ್ಲ ಅಂತ ಅಲ್ಲ" ಎಂದಳು ಕಾಶವ್ವ. "ನಿಮ್ಮಜ್ಜಿ ಇನ್ನೂ ಸತ್ತಿಲ್ಲ."

ರಿವ್ಕಾ ಆಗ ಊರಲ್ಲಿರಲಿಲ್ಲ. ನ್ಯೂಯಾರ್ಕಿನಲ್ಲಿ ತಂಗಿಯ ಮೊಣಕಾಲಿನ ಆಪರೇಶನ್ನು, ಎರಡು ತಿಂಗಳು ಅಲ್ಲೇ ಉಳಿದಿದ್ದಳು. ಹೀಗಾಗಿ ಕಾಶವ್ವ ಒಬ್ಬಳೇ ಹುಡುಕಬೇಕಾಯಿತು. ಮಿಲ್ಪಿಟಾಸು, ಫ್ರೀಮಾಂಟು, ಹೇವರ್ಡ್, ಎಲ್ಲೆಡೆ ಆ ಗುಮ್ಮಟ ಸಿಕ್ಕಿತು, ಗುರುತು ಸಿಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಹೂದಿಗಳದೇ ಒಂದು ಚಿಕ್ಕ ಅಂಗಡಿಯಿದೆ, ಅಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲವೆಂದು ಗ್ರೋಸರಿಯ ಹುಡುಗಿಯೊಬ್ಬಳು ಹೇಳಿದಳು. ಒಂದು ಶನಿವಾರ ಕಾಶವ್ವ ಬಾರ್ಟ್ ರೈಲು ಹತ್ತಿ, ಇಳಿದು ಬಸ್ಸು ಹಿಡಿದು, ಚಳಿಗಾಳಿಯಲ್ಲಿ ಆರು ಬೀದಿ ನಡೆದು ಹೋದಳು. ಅಂಗಡಿಗೆ ಬೀಗ. ಶನಿವಾರ ಅವರ ವಿಶ್ರಾಂತಿಯ ದಿನ, ಒಲೆ ಸಹ ಹಚ್ಚುವುದಿಲ್ಲ ಎಂದು ರಿವ್ಕಾ ಸಾವಿರ ಸಲ ಹೇಳಿದ್ದಳು. ಕಾಶವ್ವ ಬಾಗಿಲ ಮುಂದೆ ನಿಂತು ತನ್ನನ್ನೇ ಬೈದುಕೊಂಡಳು. ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ ಚಟ್ನಿಪುಡಿಯನ್ನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ತಿಂದು ತಿರುಗಿ ಬಂದಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಮತ್ತೆ ಹೋದಳು. ಅಂಗಡಿಯಲ್ಲಿ ಜಡೆಯಂತೆ ಹೆಣೆದ ಬ್ರೆಡ್ಡಿಗೆ ಸಾಲು ನಿಂತಿತ್ತು. ಹಿಂದಿನ ಕಪಾಟಿನಲ್ಲಿ, ಕಣ್ಣಿನ ಮಟ್ಟದಲ್ಲೇ, ಗುಮ್ಮಟದ ಬಿಸ್ಕೀಟಿನ ಪೆಟ್ಟಿಗೆಗಳು ಕೂತಿದ್ದವು. ಭೂತಗನ್ನಡಿ ತೆಗೆದಳು. ಗುರುತಿದೆ. ಪಕ್ಕದಲ್ಲಿ 'ಪಾರೆವ್' ಇದೆ. ಸಣ್ಣಕ್ಷರದಲ್ಲಿ ಎಗ್ ಇಲ್ಲ. ಆದರೆ ಒಂದು ಕಡೆ 'ಕೋಷರ್ ಜೆಲಟಿನ್' ಎಂದಿತ್ತು. ಪೆಟ್ಟಿಗೆ ಹಿಡಿದು ಗಲ್ಲೆಯ ಮೇಲಿದ್ದ ಗಡ್ಡದ ಹಿರಿಯನ ಬಳಿ ಹೋದಳು.

"ಸರ್, ದಿಸ್ ಜೆಲಟಿನ್... ಮೀಟ್?"

"ನೋ, ನೋ. ನೋ ಮೀಟ್, ನೋ ಮಿಲ್ಕ್. ಪಾರೆವ್" ಎಂದ ಆತ, ಎದೆಯ ಮೇಲೆ ಕೈಯಿಟ್ಟು.

ಧರ್ಮದ ಅಂಗಡಿ, ಹಿರಿಯ ಮನುಷ್ಯ, ಎದೆ ಮುಟ್ಟಿ ಹೇಳಿದ್ದಾನೆ. ಮಾಂಸವಿಲ್ಲದ ಜೆಲಟಿನ್ ಅಂದರೆ ಗಿಡದ್ದೋ ಪಾಚಿಯದೋ ಇರಬೇಕೆಂದು ಕಾಶವ್ವ ಲೆಕ್ಕ ಹಾಕಿದಳು. ಮನೆಗೆ ಬಂದು ಒಂದನ್ನು ಒಡೆದು ಮೂಸಿದಳು. ಚಾಕೊಲೇಟು ಮತ್ತು ಸಕ್ಕರೆ ಬಿಟ್ಟು ಬೇರೆ ವಾಸನೆಯಿಲ್ಲ. ಹುಚ್ಚಮ್ಮನ ಮೂಗೂ ಒಪ್ಪಿಬಿಟ್ಟಿತು.

ತನ್ವಿ ಅದನ್ನು ತಿಂದ ರೀತಿಯನ್ನು ನೋಡಬೇಕಿತ್ತು. ಮೊದಲು ಚಾಕೊಲೇಟಿನ ಹೊದಿಕೆಯನ್ನು ಬೆರಳಿನಿಂದ ತಟ್ಟಿ ಒಡೆದಳು, ಮೊಟ್ಟೆಯ ಚಿಪ್ಪು ಬಿಚ್ಚಿದಂತೆ ಚೂರು ಚೂರು ಬಿಡಿಸಿ ತಿಂದಳು. ಆಮೇಲೆ ಬಿಳಿಯದನ್ನು ಹಲ್ಲಿನಿಂದ ಹಿಡಿದು ಉದ್ದಕ್ಕೆ ಎಳೆದಳು. ಕೊನೆಗೆ ತಳದ ಬಿಸ್ಕೀಟು. ಮೂಗಿನ ತುದಿಗೂ ಚಾಕೊಲೇಟು. ಕಾಶವ್ವ ತಾನೂ ಒಂದು ತಿಂದಳು, ಕಣ್ಣು ಮುಚ್ಚಿ. "ಮುಗಿಲಾಗಿನ ಮಾಡ ತಿಂದಾಂಗ ಆತಲ್ಲ" ಎಂದಳು.

ಮೂರನೆಯ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದದ್ದು ಚೀಲ ತುಂಬಿಸಿಕೊಂಡು ಬರಲಿಕ್ಕೆ. ಕನ್ನಡ ಶಾಲೆಯ ಪಿಕ್ನಿಕ್ ದಿನ ಪಾರ್ಕಿನಲ್ಲಿ ಹನ್ನೊಂದು ಮನೆಯ ಮಕ್ಕಳಿಗೂ ದೊಡ್ಡವರಿಗೂ ತನ್ನ ಕೈಯಿಂದಲೇ ಹಂಚಿದಳು. "ತಿನ್ರಿ, ನಾ ನೋಡೀನಿ" ಎಂದಳು. ಪಿಕ್ನಿಕ್ಕಿಗೆ ಬಾರದ ಸತ್ಯವತಮ್ಮನವರಿಗೆ ಒಂದು ಇಡೀ ಪೆಟ್ಟಿಗೆಯನ್ನು ಅವರ ಮನೆಗೇ ಹೋಗಿ ಕೊಟ್ಟು ಬಂದಳು.

ಎರಡು ವಾರದ ಮೇಲೆ ರಿವ್ಕಾ ತಿರುಗಿ ಬಂದಳು. ಸಂಜೆ ಚಹಾಕ್ಕೆ ಬಂದು ಕಟ್ಟೆಯ ಮೇಲಿದ್ದ ಪೆಟ್ಟಿಗೆ ನೋಡಿ ಮುಖ ಅರಳಿಸಿದಳು. ತಾನು ಚಿಕ್ಕವಳಿದ್ದಾಗ ಇಂಥ ಮಾರ್ಷ್‌ಮೆಲ್ಲೋ ತಮಗೆ ಸಿಗುತ್ತಲೇ ಇರಲಿಲ್ಲ, ಆಮೇಲೆ ಮೀನಿನ ಜೆಲಟಿನ್ ಬಂದ ಮೇಲೆಯೇ ತಿನ್ನುವಂತಾಯಿತು ಎನ್ನುತ್ತ ಒಂದನ್ನು ಬಾಯಿಗೆ ಹಾಕಿಕೊಂಡಳು.

ಕಾಶವ್ವ ಚಹಾ ಸೋಸುವ ಜರಡಿಯನ್ನು ಕೆಳಗಿಟ್ಟಳು. "ಫಿಶ್? ಹೂ ಸೆಡ್ ಫಿಶ್?"

"ಈ ಕಂಪನಿಯವರು ಮೀನಿನದನ್ನೇ ಹಾಕುತ್ತಾರೆ. ಅದಕ್ಕೇ ಅಲ್ಲವೇ ಇದು ಪಾರೆವ್" ಎಂದಳು ರಿವ್ಕಾ, ತನ್ನ ಇಂಗ್ಲಿಷಿನಲ್ಲಿ.

"ಯೂ ಟೋಲ್ಡ್ ಪಾರೆವ್ ನೋ ಮೀಟ್!"

ರಿವ್ಕಾ ಅಗಿಯುವುದನ್ನು ನಿಲ್ಲಿಸಿದಳು. ಮೆಲ್ಲಗೆ ಬಿಡಿಸಿ ಹೇಳಿದಳು. ತಮ್ಮ ಪದ್ಧತಿಯಲ್ಲಿ ದನ ಕುರಿ ಕೋಳಿ ಮಾತ್ರ ಮಾಂಸದ ಸಾಲಿಗೆ ಬರುತ್ತವೆ. ಮೀನು ಆ ಸಾಲಿನಲ್ಲಿ ಇಲ್ಲ, ಅದು ಕಾಯಿಪಲ್ಲೆಯ ಜೊತೆ ಬೇರೆ ಕೂರುತ್ತದೆ. "ಹನ್ನೆರಡು ವರ್ಷದಿಂದ ನೀನು ಪ್ರತಿ ಸಲ ಮಾಂಸವಿದೆಯೇ ಎಂದು ಕೇಳಿದೆ. ಮೀನಿದೆಯೇ ಎಂದು ಒಂದು ಸಲವೂ ಕೇಳಲಿಲ್ಲ."

"ಬಿಸ್ಕೀಟಿನ್ಯಾಗ ಮೀನ ಐತೇನ್ರಿ ಅಂತ ಯಾವಾಕಿ ಕೇಳ್ತಾಳವಾ!" ಕಾಶವ್ವನಿಗೆ ಇಂಗ್ಲಿಷು ಕೈಕೊಟ್ಟಿತು. ಕನ್ನಡದಲ್ಲೇ ಕೂಗಿದಳು.

ರಿವ್ಕಾಗೆ ಮಾತು ತಿಳಿಯದಿದ್ದರೂ ಸಂಕಟ ತಿಳಿಯಿತು. ಅವಳ ಕಣ್ಣಲ್ಲೂ ನೀರು ಬಂತು. ತಿನ್ನಬಾರದ್ದನ್ನು ತಿಂದವರ ಪಾಡು ಏನೆಂದು ಅವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ತಪ್ಪು ಕಲಿಸಿದವಳು ತಾನು, ಎಲ್ಲರ ಮನೆಗೂ ತಾನೇ ಬಂದು ಹೇಳುತ್ತೇನೆ ಎಂದಳು. ಕಾಶವ್ವ ತಲೆಯಾಡಿಸಿದಳು. "ಯೂ ಟೋಲ್ಡ್ ಕರೆಕ್ಟ್. ಐ ಆಸ್ಕ್ಡ್ ಹಾಫ್."

ರಾತ್ರಿಯ ಊಟಕ್ಕೆ ಮುಂಚೆಯೇ ಮನೆಮಂದಿಯನ್ನು ಕೂಡಿಸಿ ಹೇಳಿದಳು. ತನ್ವಿ ಕಣ್ಣು ಅಗಲಿಸಿದಳು. "ಸೋ ಐ ಏಟ್ ಫಿಶ್?" ಸ್ವಲ್ಪ ಯೋಚಿಸಿದಳು. "ಬಟ್ ಇಟ್ ವಾಸ್ ಸೋ ಗುಡ್, ಅಜ್ಜಿ."

"ಬಾಯಿ ಮುಚ್ಚ" ಎಂದಳು ಮಾಧುರಿ, ನಗು ತಡೆಯಲಾಗದೆ. ಆಮೇಲೆ ಅವ್ವನ ಮುಖ ನೋಡಿ ನಗು ನಿಲ್ಲಿಸಿದಳು. "ಅವ್ವಾ, ಯಾರಿಗೂ ಗೊತ್ತಿಲ್ಲ. ಸುಮ್ಮಿದ್ದುಬಿಟ್ರ ಏನಾಗ್ತೈತಿ? ಸತ್ಯವತಮ್ಮಾರಿಗೆ ಹೇಳಿದ್ರ ಅವರು ಇನ್ನ ನಮ್ಮ ಮನಿ ನೀರೂ ಕುಡಿಯೂದಿಲ್ಲ."

"ಕುಡೀಬ್ಯಾಡ್ರಿ ಅಂತ ಹೇಳಾಕರ ಹೋಗಬೇಕಲ್ಲ."

ಅಳಿಯ ಗುರುಕಿರಣ ಎಂಜಿನಿಯರು, ಧಾರವಾಡದವನು, ಮೆತ್ತಗಿನ ಮನುಷ್ಯ. ಫೋನು ಕೈಗೆತ್ತಿಕೊಂಡ. "ಅತ್ತಿಯಾರ, ಹನ್ನೊಂದು ಮನಿ ನೀವ್ಯಾಕ ತಿರುಗ್ತೀರಿ? ಕನ್ನಡ ಶಾಲಿ ಗ್ರೂಪಿನ್ಯಾಗ ಚಂದ ಒಂದು ಮೆಸೇಜ್ ಹಾಕ್ತೀನಿ. ಕಂಪನಿಯವರು ಲೇಬಲ್ ಸರಿ ಬರದಿಲ್ಲ ಅಂತ ಬರದ್ರ ಮುಗೀತು."

"ಬಿಸ್ಕೀಟ ಗ್ರೂಪಿನ್ಯಾಗ ಹಂಚಿದ್ನೇನ್ರಿ ಅಳಿಯಾರ? ಕೈಯಾಗ ಕೊಟ್ಟೀನಿ. ಮತ್ತ, ಕಂಪನಿಯವರು ತಮ್ಮ ಮಂದಿಗೆ ಸರಿಯಾಗೇ ಬರದಾರ. ಓದಿದಾಕಿ ನಾನು."

ಮರುದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಹೊರಟಳು. ಹತ್ತಿರದ ಮನೆಗಳಿಗೆ ನಡಿಗೆ, ದೂರದ್ದಕ್ಕೆ ಬಸ್ಸು. ಹೆಗಲಲ್ಲಿ ಖಾಲಿ ಬಟ್ಟೆಚೀಲ, ಉಳಿದ ಬಿಸ್ಕೀಟು ತಿರುಗಿ ಇಸಿದುಕೊಳ್ಳಲು.

ಮೊದಲ ಮನೆ ಬೆಂಗಳೂರಿನ ರಂಜನಿಯದು. ಮೀಟಿಂಗಿನ ನಡುವೆ ಎದ್ದು ಬಂದು ಬಾಗಿಲು ತೆಗೆದಳು. ವಿಷಯ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೊಳಗೇ ನಕ್ಕಳು.

"ಅಯ್ಯೋ ಬಿಡಿ ಆಂಟಿ. ನಮ್ ವಿಕಾಸ್ ಆಫೀಸಲ್ಲಿ ಚಿಕನ್ನೇ ತಿಂತಾನೆ, ಮೀನಿನ ಅಂಟು ಯಾವ ಲೆಕ್ಕ? ಆದ್ರೆ ಇಂಡಿಯಾದಿಂದ ನಮ್ಮತ್ತೆ ಫೋನ್ ಮಾಡಿದ್ರೆ ಎರಡೂ ಹೇಳ್ಬೇಡಿ, ಪ್ಲೀಸ್."

"ನಿಮ್ಮತ್ತಿಗೆ ನಾ ಬಿಸ್ಕೀಟ ಕೊಟ್ಟಿಲ್ಲವ್ವಾ. ಕೊಟ್ಟವರಿಗಷ್ಟ ಹೇಳೂದು."

ಮುಂದಿನ ಕೆಲವು ಮನೆಗಳಲ್ಲಿ ಒಬ್ಬರು ಕೂಡಿಸಿ ಕಾಫಿ ಕೊಟ್ಟರು. ಇನ್ನೊಬ್ಬರು ಇದಕ್ಕಾಗಿ ಬಸ್ಸು ಹತ್ತಿ ಬಂದಿರಾ ಎಂದು ಬೆರಗಾದರು. ಬಾಗಲಕೋಟೆಯ ಚನ್ನಬಸವ್ವ ಮಾತ್ರ ಬಾಗಿಲನ್ನು ಅರ್ಧವೇ ತೆರೆದು ನಿಂತಳು. ಅವಳ ಕೊರಳಲ್ಲೂ ಲಿಂಗ.

"ನಾ ಮೂರು ತಿಂದೀನ್ರಿ. ನಿಮ್ಮ ಮ್ಯಾಲ ಭಾರ ಹಾಕಿ ತಿಂದೀನಿ" ಎಂದಳು ಅವಳು. "ಓದಾಕ ಬರದಿದ್ರ ಓದಾಕ ಬರೂದಿಲ್ಲ ಅನಬೇಕು. ದೊಡ್ಡಸ್ತನಕ ಹೇಳಬಾರದು."

ಕಾಶವ್ವನಿಗೆ ಕಿವಿ ಬಿಸಿಯಾದವು. ಹದಿನಾರು ವರ್ಷ ಬೋರ್ಡು ನೋಡಿದ ಕಣ್ಣು, ಹುಚ್ಚಮ್ಮನ ಮೂಗು, ಎಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು. "ಹೌದವ್ವಾ. ಉಳಿದಿದ್ರ ಕೊಡು, ಒಯ್ತೀನಿ" ಎಂದಳು. ಚನ್ನಬಸವ್ವ ಎರಡು ಬಿಸ್ಕೀಟುಗಳನ್ನು ಕಾಗದದಲ್ಲಿ ಸುತ್ತಿ, ಕೈ ತಾಗದಂತೆ ಚೀಲಕ್ಕೆ ಹಾಕಿದಳು.

ಸತ್ಯವತಮ್ಮನವರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಮೊದಲು ಹೋಗಿದ್ದರೆ ಉಳಿದ ಮನೆಗಳಿಗೆ ಕಾಲು ಏಳುತ್ತಿರಲಿಲ್ಲವೆಂದು ಆಮೇಲೆ ಹೇಳಿದಳು. ಸತ್ಯವತಮ್ಮ ಹೂಬತ್ತಿ ಹೊಸೆಯುತ್ತ ಕಿಟಕಿಯ ಬಳಿ ಕೂತಿದ್ದರು.

"ಬನ್ನಿ ಕಾಶವ್ವ, ಕೂತ್ಕೊಳ್ಳಿ. ಏನು, ಇಷ್ಟು ಬೆವರಿದೀರಿ?"

"ಕೂಡೂದಿಲ್ರಿ. ಮೊದಲ ಕೇಳ್ರಿ." ನಿಂತೇ ಹೇಳಿದಳು. ಅಂಗಡಿ, ಗಡ್ಡದ ಹಿರಿಯ, ತಾನು ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ, ರಿವ್ಕಾಳ ಮಾತು, ಒಂದನ್ನೂ ಬಿಡಲಿಲ್ಲ.

ಸತ್ಯವತಮ್ಮನವರ ಬೆರಳು ನಿಂತವು. ಅರ್ಧ ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜಿ ಮುಂದ."

"ಏಳು ತಿಂದಿದೀನಿ ನಾನು. ಎಷ್ಟು ಚೆನ್ನಾಗಿದೆ ಅಂತ ಅಭಿರಾಮನ ಹತ್ರ ಹೊಗಳಿದೀನಿ ಬೇರೆ." ಅಭಿರಾಮ ಅವರ ಮೊಮ್ಮಗ. ಎದ್ದು ಒಳಗೆ ಹೋಗಿ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಕೈ ತೊಳೆದು ಬಂದರು. "ನಾಳೆ ಹೇಗೂ ಏಕಾದಶಿ, ಇವತ್ತಿಂದಲೇ ಉಪವಾಸ ಮಾಡ್ತೀನಿ. ಆಚಾರ್ಯರನ್ನ ಫೋನಲ್ಲಿ ಕೇಳಿ, ಅವರು ಹೇಳಿದ ಹಾಗೆ ಮಾಡಿದ್ರಾಯ್ತು. ನನ್ನದು ಅದು. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಲ್ಲ. ಇದೆ."

"ಇರ್ಲಿ ಬಿಡ್ರಿ. ಇರಬೇಕು."

ಕಾಶವ್ವ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಬಂದಳು. ಚಪ್ಪಲಿಗೆ ಕಾಲು ತೂರಿಸುವಾಗ ಹಿಂದಿನಿಂದ ಧ್ವನಿ ಬಂತು.

"ಕಾಶವ್ವ, ಹಾಗಾದ್ರೆ ಆ ಕರಿ ಬಿಸ್ಕೆಟ್ಟು? ಅದನ್ನ ಇನ್ನು ತಿನ್ನಬಹುದೋ, ಬೇಡ್ವೋ?"

ಕಾಶವ್ವ ಗೋಡೆ ಹಿಡಿದು ನಿಂತಳು. ತಿರುಗಿ ನೋಡಲಿಲ್ಲ, ಕಣ್ಣು ತುಂಬಿದ್ದವು. "ಒಂದು ವಾರ ಮುಟ್ಟಬ್ಯಾಡ್ರಿ" ಎಂದಳು. "ಎಲ್ಲಾನೂ ಮತ್ತೊಮ್ಮೆ ಮೊದಲಿಂದ ನೋಡ್ತೀನಿ. ನೋಡಿ ನಾನ ಬಂದು ಹೇಳ್ತೀನಿ."

ಆ ವಾರ ಊಟದ ಮೇಜಿನ ಮೇಲೆ ಪಾಕೀಟುಗಳ ಗುಡ್ಡವೇ ಎದ್ದಿತ್ತು. ಹನ್ನೆರಡು ವರ್ಷದಲ್ಲಿ ಒಪ್ಪಿಕೊಟ್ಟ ಎಲ್ಲ ಬಿಸ್ಕೀಟುಗಳೂ ಮರಳಿ ಪರೀಕ್ಷೆಗೆ ಕೂತಿದ್ದವು. ಒಂದೊಂದಕ್ಕೂ ರಿವ್ಕಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಮಾಂಸ, ಮೀನು, ಮೊಟ್ಟೆ, ಹುಳದಿಂದ ತೆಗೆದ ಬಣ್ಣ ಎಂದು ಎಲ್ಲವನ್ನೂ ಬಿಡಿ ಬಿಡಿಯಾಗಿ ಕೇಳಿದಳು. ರಿವ್ಕಾಗೂ ತಿಳಿಯದ್ದನ್ನು, ಪಾಕೀಟಿನ ಮೇಲಿದ್ದ ಕಂಪನಿಯ ನಂಬರಿಗೇ ಫೋನು ಹಚ್ಚಿ ಕೇಳಿದಳು. ಮೀನಿನ ಮಾತು ಎತ್ತಿದಾಗ ಆ ತುದಿಯಲ್ಲಿದ್ದವರು ಎರಡು ಸಲ ಏನಂದಿರಿ ಎಂದು ಕೇಳುತ್ತಿದ್ದರು. ಆರನೆಯ ದಿನ ಕರಿ ಬಿಸ್ಕೀಟು ಪಾಸಾಯಿತು. ಪಾಚಿಯ ಅಂಟಿನಿಂದ ಮಾಡಿದ ಗುಮ್ಮಟದ ಬಿಸ್ಕೀಟು ಎಲ್ಲೋ ಇದೆಯೆಂದು ಸುಳಿವು ಸಿಕ್ಕಿತ್ತು. ತನ್ವಿಯನ್ನು ಕರೆದು, ಇನ್ನೊಂದು ತಿಂಗಳು ಕಿತ್ತಳೆ ಹಣ್ಣು ತಿನ್ನು ಎಂದಳು.

ಏಳನೆಯ ದಿನ ಬೆಳಿಗ್ಗೆ ಸತ್ಯವತಮ್ಮನವರ ಮನೆಗೆ ಹೊರಟು ನಿಂತಾಗ ಗುರುಕಿರಣ ಹೊಸದೊಂದು ಟ್ಯಾಬ್ಲೆಟ್ ತಂದು ಅವಳ ಮುಂದಿಟ್ಟ. ಪಾಕೀಟಿನ ಬಾರ್‌ಕೋಡಿನ ಗೆರೆಗಳ ಮೇಲೆ ಹಿಡಿದರೆ ಸಾಕು, ಒಳಗೆ ಏನೇನಿದೆಯೆಂದು ಅದೇ ಓದಿ, ಕೆಂಪು ಹಸಿರು ಬಣ್ಣ ತೋರಿಸುತ್ತದೆ, ಮನೆ ತಿರುಗುವುದೂ ಬೇಡ, ಅದರಿಂದಲೇ ಎಲ್ಲರಿಗೂ ಸುದ್ದಿ ಹೋಗುತ್ತದೆ ಎಂದ. ಸತ್ಯವತಮ್ಮನವರ ಮನೆಗೆ ಕಾರಿನಲ್ಲಿ ಬಿಟ್ಟು ಬರುತ್ತೇನೆ, ಕೀಲಿ ತರುತ್ತೇನೆ ಎಂದೂ ಹೇಳಿದ. ಕಾಶವ್ವ ಅದನ್ನು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿ ನೋಡಿ, ಅವನ ಕೈಗೇ ಕೊಟ್ಟಳು.

"ಚಲೋ ಐತ್ರಿ ಅಳಿಯಾರ, ನಿಮ್ಮ ಆಫೀಸಿಗೆ ಇಟ್ಕೋರಿ. ಇದು ಹಸರು ಅಂತ ಹೇಳಿ, ನಾಳೆ ಅದು ತಪ್ಪಾತು ಅಂತ ತಿಳೀರಿ. ಚನ್ನಬಸವ್ವನ ಬಾಗಿಲಾಗ ನಿಂತು ಬೈಸಿಕೊಂಡು ಬರ್ತೈತೇನು ಇದು? ನನಗ ಬ್ಯಾಡ. ಕಾರೂ ಬ್ಯಾಡ, ಹತ್ತು ಗಂಟೆ ಬಸ್ ಐತಿ. ನನ್ನ ಭೂತಗನ್ನಡಿ ಉಪ್ಪಿನ ಡಬ್ಬಿ ಹಂತ್ಯಾಕ ಇಲ್ಲ, ತನ್ವಿ ಎಲ್ಲ್ಯೋ ಒಯ್ದಿಟ್ಟಾಳ. ನೀವು ಏಳಬ್ಯಾಡ್ರಿ, ಕೂಡ್ರಿ. ನಾನ ಹುಡುಕ್ತೀನಿ."